ಚಿಕ್ಕ ಫಾರ್ವರ್ಡ್‌ಗೆ ಮೂರು ಕೆ.ಜಿ. ಸ್ನಾಯು

ಅರವತ್ತು ಕೆ.ಜಿ. ತೂಗದ ಹಾಕಿ ಫಾರ್ವರ್ಡ್‌ಗೆ ಲೀಗ್ ಮುಗಿದ ಮರುದಿನದಿಂದಲೇ ಸಿಗುವ ಬುದ್ಧಿವಾದ ಒಂದೇ: ಜಿಮ್‌ಗೆ ಹೋಗು, ಚೆನ್ನಾಗಿ ತಿನ್ನು, ಮೈ ಬೆಳೆಸು. ಕೆಜಿಎಫ್, ಬಂಗಾರಪೇಟೆ ಕಡೆಯ ಮಣ್ಣಿನ ಮೈದಾನಗಳಲ್ಲಿ ಆಡಿ ಬೆಳೆದು ಬೆಂಗಳೂರಿನ ಶಾಂತಿನಗರದ ಟರ್ಫ್‌ಗೆ ಕಾಲಿಡುವ ಸಣಕಲು ಹುಡುಗನಿಗೆ ಈ ಮಾತು ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಬುದ್ಧಿವಾದ ಪೂರ್ತಿ ತಪ್ಪಲ್ಲ. ಆದರೆ ಬಲ ಬೇರೆ, ತೂಕ ಬೇರೆ. ಇವೆರಡನ್ನು ಒಂದೇ ಎಂದುಕೊಂಡಲ್ಲಿ ಒಳ್ಳೆಯ ಫಾರ್ವರ್ಡ್‌ಗಳು ಕೆಡುತ್ತಾರೆ.

ಲೆಕ್ಕ ಸರಳ. 60 ಕೆ.ಜಿ.ಯ ಆಟಗಾರ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿದರೆ ಅವನ ಸಂವೇಗ 480. ಅವನೇ 63 ಕೆ.ಜಿ.ಗೆ ಏರಿ ವೇಗ 7.6ಕ್ಕೆ ಇಳಿದರೆ ಸಂವೇಗ ಹೆಚ್ಚುಕಡಿಮೆ ಅಷ್ಟೇ, 479. ಡಿಕ್ಕಿಯಲ್ಲಿ ಗಳಿಸಿದ್ದು ಏನೂ ಇಲ್ಲ. ಕಳೆದುಕೊಂಡದ್ದು ಮಾತ್ರ ಇದೆ: 20 ಮೀಟರ್ ಓಟಕ್ಕೆ 2.5 ಸೆಕೆಂಡಿನ ಬದಲು 2.63 ಸೆಕೆಂಡ್ ಬೇಕು. ಆ ಚೂರು ಹೊತ್ತಿನಲ್ಲಿ ಎದುರಾಳಿ ಒಂದು ಮೀಟರ್ ಮುಂದೆ ಬಂದಿರುತ್ತಾನೆ. ಹಾಕಿ ಸ್ಟಿಕ್ಕಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಗೋಲಿನ ಮುಂದಿನ ‘ಡಿ’ ಅಂಚಿನಲ್ಲಿ ಚೆಂಡು ತನ್ನದಾಗುವುದೂ ಕೈತಪ್ಪುವುದೂ ಆ ಒಂದು ಸ್ಟಿಕ್ಕಿನ ಅಂತರದಲ್ಲಿ.

ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಬಲ ಮತ್ತು ತೂಕದ ಈ ಪ್ರಶ್ನೆಗೆ ಬೇರೆಲ್ಲೂ ಇಲ್ಲದ ಹಿನ್ನೆಲೆಯಿದೆ. ಮಾರಿಕುಪ್ಪಂ ನಿಲ್ದಾಣದಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು. ಅವುಗಳಾಚೆ ಶಾಫ್ಟ್‌ಗಳ ತುಕ್ಕು ಹಿಡಿದ ಉಕ್ಕಿನ ಚೌಕಟ್ಟು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಬಾಗಿಲು ಮುಚ್ಚುವವರೆಗೆ ಈ ಊರಿನ ಗಂಡಸರ ಮೈ ಹದವಾದದ್ದು ಭೂಮಿಯ ಒಳಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕೇಜಿನಲ್ಲಿ ಇಳಿದು, ಬಂಡೆ ಕೊರೆದು, ಅದಿರು ತುಂಬಿ, ಪಾಳಿ ಮುಗಿಸಿ ಮೇಲೆ ಬಂದವರಿಗೆ ಡಂಬೆಲ್ ಬೇಕಾಗಿರಲಿಲ್ಲ.

ಆ ಗಣಿಯ ದೇಹಶಾಸ್ತ್ರದಲ್ಲಿ ಹಾಕಿ ತರಬೇತುದಾರರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅದಿರಿನ ಬುಟ್ಟಿ ಎತ್ತುವವನ ತೂಕ ನೋಡಿ ಹಗುರಾಗುವುದಿಲ್ಲ. 50 ಕೆ.ಜಿ.ಯವನೂ 75 ಕೆ.ಜಿ.ಯವನೂ ಅದೇ ಭಾರ ಎತ್ತಬೇಕು. ಚಿಕ್ಕವನ ಒಂದೊಂದು ಕೆ.ಜಿ. ಸ್ನಾಯುವೂ ಹೆಚ್ಚು ದುಡಿಯುತ್ತದೆ, ಹೆಚ್ಚು ಬಿಸಿಯಾಗುತ್ತದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 50 ಕೆ.ಜಿ.ಗಿಂತ ಕಡಿಮೆ ತೂಗುವವರನ್ನು ಬಿಸಿಯ ಆಳಕ್ಕೆ ಕಳಿಸಲು ಹಿಂಜರಿಯುತ್ತಿದ್ದುದು ಇದೇ ಕಾರಣಕ್ಕೆ. ಓಟದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಓಡುವವನು ಹೊರುವುದು ತನ್ನದೇ ಮೈಯನ್ನು. ಮೈ ಚಿಕ್ಕದಾದಷ್ಟೂ ಹುಟ್ಟುವ ಶಾಖ ಕಡಿಮೆ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಆದ್ದರಿಂದ ಬೆವರು ಬೇಗ ತಣಿಸುತ್ತದೆ. ಬಿಸಿ, ತೇವದ ಹವೆಯಲ್ಲಿ ದೂರ ಓಡುವವರಿಗೆ ಸಣ್ಣ ಮೈಯೇ ಅನುಕೂಲವೆಂದು ಸಂಶೋಧಕರಾದ ಡೆನಿಸ್ ಮತ್ತು ನೋಕ್ಸ್ 1999ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರಿಬ್ಬರೂ ದಕ್ಷಿಣ ಆಫ್ರಿಕಾದಲ್ಲೇ ಕೆಲಸ ಮಾಡಿದವರು ಎಂಬುದು ಈ ಕಥೆಗೆ ಚೆನ್ನಾಗಿ ಹೊಂದುತ್ತದೆ. ಗಣಿಯಲ್ಲಿ ಕೊರತೆಯೆನಿಸಿದ ಮೈಕಟ್ಟು ಚೆನ್ನೈ ಅಥವಾ ಭುವನೇಶ್ವರದ ಬೇಗೆಯ ನಾಲ್ಕನೇ ಕ್ವಾರ್ಟರಿನಲ್ಲಿ ಆಸ್ತಿಯಾಗುತ್ತದೆ.

ಆದರೆ ಹಾಕಿ ಬರೀ ಓಟವಲ್ಲ. ಸೊಂಟ ಬಗ್ಗಿಸಿ ಓಡಬೇಕು, ಟ್ಯಾಕಲ್‌ನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಲ್ಲಬೇಕು, ಪೂರ್ತಿ ವೇಗದಿಂದ ಎರಡು ಹೆಜ್ಜೆಯಲ್ಲಿ ನಿಂತು ತಿರುಗಬೇಕು. ಅಲ್ಲಿ ಗಣಿಯ ಲೆಕ್ಕ ಮತ್ತೆ ಒಳಗೆ ಬರುತ್ತದೆ: ಎದುರಾಳಿಯ ತೂಕವೂ ಅದಿರಿನ ಬುಟ್ಟಿಯಂತೆ, ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಚಿಕ್ಕವನಿಗೆ ಬಲ ಬೇಕೇ ಬೇಕು ಎನ್ನುವುದು ಇದಕ್ಕೇ.

ಆಟವೂ ಬದಲಾಗಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಟರ್ಫ್ ಬಂತು, ತೊಂಬತ್ತರ ದಶಕದಲ್ಲಿ ಆಫ್‌ಸೈಡ್ ಹೋಯಿತು, ಬಳಿಕ 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳು ಬಂದವು. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಾದ್ದರಿಂದ ಪ್ರತಿ ಸಲ ಒಳಬರುವವನು ಪೂರ್ಣ ವೇಗದಲ್ಲೇ ಆಡುತ್ತಾನೆ. ಆ ವೇಗಕ್ಕೆ ಮೈ ಹದವಾಗಬೇಕಿತ್ತು. 2011ರಲ್ಲಿ ಭಾರತ ತಂಡದ ಕೋಚ್ ಮೈಕೆಲ್ ನಾಬ್ಸ್ ಜೊತೆ ಬಂದ ದೇಹಶಾಸ್ತ್ರಜ್ಞ ಡೇವಿಡ್ ಜಾನ್, ಮುಂದೆ ಪುರುಷರ ತಂಡದಲ್ಲಿ ರಾಬಿನ್ ಆರ್ಕೆಲ್, ಮಹಿಳೆಯರ ತಂಡದಲ್ಲಿ ವೇಯ್ನ್ ಲೊಂಬಾರ್ಡ್ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಶಿಬಿರದಲ್ಲಿ ಆಟಗಾರರ ಬಲ, ಓಟ ಎರಡನ್ನೂ ಹದಗೊಳಿಸಿದರು.

ಆ ಶಿಬಿರದ ಅತ್ಯುತ್ತಮ ಉದಾಹರಣೆ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್. ಸಣ್ಣ ಮೈ, ಬಲ ಅಂಚಿನಲ್ಲಿ ಬಾಣದಂಥ ಓಟ. 2007ರಿಂದ 2021ರವರೆಗೆ 264 ಅಂತರರಾಷ್ಟ್ರೀಯ ಪಂದ್ಯ, 72 ಗೋಲು. 2014ರ ಏಷ್ಯನ್ ಗೇಮ್ಸ್ ಚಿನ್ನ. ಅದೇ ತಂಡದಲ್ಲಿ ಅದೇ ಕೊಡಗಿನ ದೃಢಕಾಯದ ವಿ.ಆರ್. ರಘುನಾಥ್ ರಕ್ಷಣೆಯಲ್ಲಿ ನಿಂತು ಪೆನಾಲ್ಟಿ ಕಾರ್ನರ್ ಸಿಡಿಸುತ್ತಿದ್ದರು. ಸುನಿಲ್‌ಗೆ ರಘುನಾಥರ ಮೈ ಕೊಟ್ಟಿದ್ದರೆ ಭಾರತ ಒಬ್ಬ ಡಿಫೆಂಡರ್‌ನನ್ನು ಗಳಿಸದೆ ಒಬ್ಬ ವಿಂಗರ್‌ನನ್ನು ಕಳೆದುಕೊಳ್ಳುತ್ತಿತ್ತು. ಧನರಾಜ್ ಪಿಳ್ಳೈ ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್ ಆಡಿದ್ದೂ ತೆಳುವಾದ ಮೈಯಲ್ಲೇ. ಜಾಗ ನೋಡಿ ತೂಕ ನಿರ್ಧರಿಸಬೇಕು: ಡಿಫೆಂಡರ್‌ಗೆ, ಡ್ರ್ಯಾಗ್ ಫ್ಲಿಕ್ ಮಾಡುವವನಿಗೆ ನಾಲ್ಕೈದು ಕೆ.ಜಿ. ಹೊರೆಯಾಗದು, ವಿಂಗರ್‌ಗೆ 12 ವಾರದಲ್ಲಿ ಎರಡು, ಹೆಚ್ಚೆಂದರೆ ಮೂರು ಸಾಕು.

ಆ ಹನ್ನೆರಡು ವಾರಗಳಲ್ಲಿ ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿಕಾಲಿನ ಸ್ಕ್ವಾಟ್, ರೋ ಮಾಡಿದರೆ ಸಾಲುತ್ತದೆ. ಮೊದಲ ವಾರಗಳಲ್ಲಿ ಬಲ ಏರಿದರೂ ತಕ್ಕಡಿ ಅಲುಗುವುದಿಲ್ಲ. ಆಗ ಕಲಿಯುತ್ತಿರುವುದು ನರಗಳು. ಅಲುಗದ ತಕ್ಕಡಿ ಕಂಡು ನಿರಾಶರಾಗಿ ಡಬ್ಬದ ಪುಡಿಗೆ ಕೈ ಹಾಕುವವರು ಬಹಳ. ಏನು ಬೆರೆಸಿದ್ದಾರೆಂದು ತಿಳಿಯದ ಪುಡಿಯಿಂದ ಡೋಪಿಂಗ್ ಬಲೆಗೆ ಬೀಳುವ ಅಪಾಯವೂ ಇದೆ. ಮಂಡಿಯೂರಿ, ಹಿಂದೆ ಒಬ್ಬರು ಕಾಲು ಹಿಡಿದಾಗ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮವನ್ನು ಬಿಡಲೇಬಾರದು. ತೊಡೆಯ ಹಿಂಭಾಗದ ಗಾಯಗಳನ್ನು ಅದು ಅರ್ಧದಷ್ಟು ಇಳಿಸುತ್ತದೆ, ಅದಕ್ಕೆ ಕಾಸಿನ ಖರ್ಚಿಲ್ಲ. ವಾರಕ್ಕೊಮ್ಮೆ 10 ಮತ್ತು 30 ಮೀಟರ್ ಓಟದ ಸಮಯ ಬರೆದಿಡಬೇಕು. ತೂಕ ಏರಿ ಸಮಯವೂ ಏರಿದರೆ ಅಲ್ಲಿಗೇ ನಿಲ್ಲಿಸಬೇಕು.

ಊಟಕ್ಕೆ ಕೋಲಾರ ಸೀಮೆ ಬಡವಲ್ಲ. ಸ್ನಾಯು ಬೆಳೆಯಲು ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಬೇಕು, 60 ಕೆ.ಜಿ.ಯವನಿಗೆ 96 ಗ್ರಾಂ. 200 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 14, 75 ಗ್ರಾಂ ಹುರುಳಿಕಾಳಿನ ಸಾರಿನಲ್ಲಿ 16, ನಾಲ್ಕು ಮೊಟ್ಟೆಯಲ್ಲಿ 24, ಅರ್ಧ ಲೀಟರ್ ಹಾಲಿನಲ್ಲಿ 16, ನೂರು ಗ್ರಾಂ ಕೋಳಿಯಲ್ಲಿ 25. ಅಲ್ಲಿಗೆ ಹತ್ತಿರ ಹತ್ತಿರ ಮುಗಿಯಿತು. ಅಭ್ಯಾಸ ಮುಗಿಸಿ ಹಸಿದು ತಿನ್ನುವ ಬಂಗಾರಪೇಟೆಯ ಪಾನಿಪೂರಿ ಎಷ್ಟೇ ರುಚಿಯಾದರೂ ಈ ಲೆಕ್ಕಕ್ಕೆ ಸೇರದು.

ಇಲ್ಲಿನ ನಿಜವಾದ ತೊಡಕು ರೈಲು. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬದುಕುತ್ತಿರುವುದು ಬೆಂಗಳೂರಿನ ದುಡಿಮೆಯಲ್ಲಿ. ನಸುಕಿನಲ್ಲಿ ಮಾರಿಕುಪ್ಪಂ ಬಿಟ್ಟು ಬಂಗಾರಪೇಟೆ ಮೇಲೆ ಹೋಗಿ ರಾತ್ರಿ ಮರಳುವವರ ದಿನದಲ್ಲಿ ಸುಮಾರು ನಾಲ್ಕು ಗಂಟೆ ಬೋಗಿಯಲ್ಲೇ ಕಳೆಯುತ್ತದೆ. ಕೆಲಸ, ಕಾಲೇಜು, ಅಭ್ಯಾಸ ಎಲ್ಲವೂ ಆ ಹಳಿಯ ಮೇಲೆ ನಿಂತ ಆಟಗಾರನಿಗೆ ಐದು ಗಂಟೆ ನಿದ್ದೆಯೂ ದಕ್ಕುವುದಿಲ್ಲ. ಸ್ನಾಯು ಕಟ್ಟಿಕೊಳ್ಳುವುದು ವಿಶ್ರಾಂತಿಯಲ್ಲಿ. ನಿದ್ದೆ ಇಲ್ಲದವನು ಭಾರ ಎತ್ತಿದರೆ ದಣಿವಷ್ಟೇ ಕೂಡುತ್ತದೆ. ಅಂಥವನಿಗೆ ಮೂರರ ಬದಲು ಎರಡೇ ದಿನದ ವ್ಯಾಯಾಮ, ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ಮತ್ತು ಕಡಲೆಕಾಯಿ, ವಾಪಸಾಗುವಾಗ ಸೀಟು ಸಿಕ್ಕರೆ ಒಂದು ಗಂಟೆಯ ನಿದ್ದೆ ಹೆಚ್ಚು ಕೊಡುತ್ತವೆ. ಲೀಗ್ ಶುರುವಾದ ಮೇಲೆ ಗಳಿಸಿದ ಬಲ ಉಳಿಸಿಕೊಳ್ಳಲು ವಾರಕ್ಕೊಂದು ದಿನದ ಭಾರ ಎತ್ತುವಿಕೆ ಸಾಕು, ಅದು ಪಂದ್ಯದ ಹಿಂದಿನ ದಿನ ಆಗದಿದ್ದರಾಯಿತು.