ಮಗುವನ್ನು ಈಜುಕೊಳಕ್ಕೆ ಇಳಿಸುವ ಮುನ್ನ

ಸಹೋದರಿಯರೇ, ಸೋಲದೇವನಹಳ್ಳಿಯ ಆಸುಪಾಸಿನಲ್ಲೂ ಈಗ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಈಜುಕೊಳವಿದ್ದರೆ ಪುಟ್ಟ ಮಕ್ಕಳನ್ನೂ ನೀರಿಗಿಳಿಸುವ ಆಸೆ ಸಹಜ. ಆದರೆ ಮನೆಯಲ್ಲಿ ತೊಡಿಸುವ ಡೈಪರ್ ನೀರು ಹೀರಿ ಉಬ್ಬಿ ಜೋತು ಬೀಳುತ್ತದೆ. ಅದಕ್ಕೆಂದೇ ಈಜು ಡೈಪರ್‌ಗಳಿವೆ. ಕೊಳ್ಳುವಾಗ ಮಗುವಿನ ವಯಸ್ಸಲ್ಲ, ತೂಕ ನೋಡಿ. ಸೊಂಟ, ತೊಡೆಗಳಲ್ಲಿ ಸಂದಿಲ್ಲದೆ ಕೂರಬೇಕು.

ನೆನಪಿಡಿ, ಇದು ಗಟ್ಟಿ ಮಲವನ್ನಷ್ಟೇ ತಡೆಯುತ್ತದೆ, ಮೂತ್ರವನ್ನಲ್ಲ. ಭೇದಿಯೂ ಸೋರುತ್ತದೆ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣು ಕ್ಲೋರಿನ್ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ಆದ್ದರಿಂದ ಭೇದಿಯಾಗುತ್ತಿರುವ ಮಗುವನ್ನು ನೀರಿಗೆ ಇಳಿಸಲೇಬೇಡಿ. ಗಂಟೆಗೊಮ್ಮೆಯಾದರೂ ಡೈಪರ್ ಪರೀಕ್ಷಿಸಿ. ಕೊಳದಿಂದ ದೂರ ಹೋಗಿ ಬದಲಿಸಿ, ಕೈ ತೊಳೆಯಿರಿ. ಮಗುವನ್ನೆತ್ತಿಕೊಂಡು ನೀರಿಗಿಳಿದವರು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ನಮಾಝಿಗೆ ನಿಲ್ಲಿ. ಅದೇ ನೀರಿನಲ್ಲಿ ನೆರೆಮನೆಯ ಮಕ್ಕಳೂ ಆಡುತ್ತಾರೆ. ಅವರ ಆರೋಗ್ಯ ಕಾಪಾಡುವುದೂ ನೆರೆಯವರ ಹಕ್ಕನ್ನು ಪಾಲಿಸಿದಂತೆಯೇ.