ನಾಯಿಯ ಉಣ್ಣೆ ಔಷಧಿ ಬೆಕ್ಕಿಗೆ ಬೇಡ

ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೆ ಈ ತಪ್ಪು ನಾನೇ ಮಾಡಿದ್ದು. ಹೆಮ್ಮರಗಾಲದ ನಮ್ಮನೇಲಿ ನಾಯಿಗೆ ಅಂತ ತಂದ ಉಣ್ಣೆ ಔಷಧೀನ ಬೆಕ್ಕಿನ ಕತ್ತಿಗೂ ಹಚ್ಚಿಬಿಟ್ಟೆ. ಕೆಲವೇ ಗಂಟೇಲಿ ಜೊಲ್ಲು, ನಡುಕ. ನಂಜನಗೂಡಿಗೆ ಓಡಿದ್ವಿ. ಪುಣ್ಯಕ್ಕೆ ಉಳೀತು.

ಅದರಲ್ಲಿದ್ದದ್ದು ಪರ್ಮೆಥ್ರಿನ್. ನಾಯಿಯ ಲಿವರ್ ಇದನ್ನು ಬೇಗ ಒಡೆದು ಹೊರಹಾಕುತ್ತೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ಕಡಿಮೆ. ಹಾಗಾಗಿ ಅದು ನರಗಳಿಗೆ ಏರಿ ಫಿಟ್ಸ್ ಬರುತ್ತೆ, ಪ್ರಾಣವೂ ಹೋಗಬಹುದು. ನಾವು ಜ್ವರಕ್ಕೆ ನುಂಗೋ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷವೇ.

ಗೊತ್ತಿಲ್ದೆ ಹಚ್ಚಿದ್ರೆ? ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೀರಿ. ಆಮೇಲೆ ಔಷಧಿಯ ಪ್ಯಾಕೆಟ್ ಸಮೇತ ಪಶುವೈದ್ಯರ ಹತ್ರ ಹೋಗಿ. ಆಗಲೇ ಫಿಟ್ಸ್ ಬಂದಿದ್ರೆ ತೊಳೀತಾ ಕೂರಬೇಡಿ, ನೇರ ಹೊರಡಿ.

ಲೇಬಲ್ ಮೇಲೆ ಬೆಕ್ಕಿನ ಹೆಸರಿಲ್ವಾ? ಹಾಗಾದ್ರೆ ಬೆಕ್ಕಿಗೆ ಬೇಡ.