ಹಳೇ ಇಟಾಲಿಯನ್ ಕಾರಿನ ಪಕ್ಕ ನಿಲ್ಲೋದು ಹೇಗೆ?

ಕಾರ್ ಶೋ ಅಂದ್ರೆ ನಮಗೆ ನೆನಪಾಗೋದು ಸೈಲೆನ್ಸರ್ ಸದ್ದು, ಸೆಲ್ಫಿ, ರೀಲ್ಸ್. ಆದರೆ ಇಟಲಿಯ ಕೊಮೊ ಸರೋವರದ ದಂಡೆಯಲ್ಲಿ 1929ರಲ್ಲಿ ಶುರುವಾದ ವಿಲ್ಲಾ ದೆಸ್ತೆಯಂಥ ಶೋಗಳಲ್ಲಿ, ಕಾರು ತಂದವರು ಹೇಗೆ ನಡ್ಕೊಳ್ತಾರೆ ಅನ್ನೋದೂ ಅಷ್ಟೇ ಮುಖ್ಯ. ಅಲ್ಲಿನ ಶಿಷ್ಟಾಚಾರ ಬರೀ ನಯನಾಜೂಕು ಅಲ್ಲ. ಹೆಚ್ಚಿನದ್ದಕ್ಕೆ ಎಂಜಿನಿಯರಿಂಗ್ ಕಾರಣ ಇದೆ.

ಮುಟ್ಟಬೇಡಿ, ಒರಗಬೇಡಿ. ಹಳೇ ಆಲ್ಫಾ ರೋಮಿಯೋ ಕಾರುಗಳಲ್ಲಿ ಕೆಲವಕ್ಕೆ ಮಿಲಾನಿನ ಟೂರಿಂಗ್ ಕಂಪನಿಯ 'ಸೂಪರ್‌ಲೆಜ್ಜೇರಾ' ಬಾಡಿ ಇರುತ್ತೆ. ಸೂಪರ್‌ಲೆಜ್ಜೇರಾ ಅಂದ್ರೆ ತೀರಾ ಹಗುರ. ಸಣ್ಣ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ತೆಳು ಅಲ್ಯೂಮಿನಿಯಂ ಹಾಳೆ, ಅಷ್ಟೇ. ಒರಗಿದರೆ ತಗ್ಗು ಬೀಳಬಹುದು. ಪೇಂಟ್ ಕೆಡಿಸೋಕೆ ಬ್ಯಾಗಿನ ಜಿಪ್ ಸಾಕು. ಅದಕ್ಕೇ ಪಕ್ಕದವರ ಕಾರಿನ ಬಾಗಿಲನ್ನು ಕೇಳದೆ ತೆಗೆಯೋ ಹಾಗಿಲ್ಲ.

ಸುಮ್ಮನೆ ರೇಸ್ ಮಾಡಬೇಡಿ. ಕಾರ್ಬ್ಯುರೇಟರ್ ಎಂಜಿನ್ ತಣ್ಣಗಿದ್ದಾಗ ಚೋಕ್ ಎಳೆದರೆ ಪೆಟ್ರೋಲ್ ಜಾಸ್ತಿ ಹೋಗುತ್ತೆ, ಪೂರ್ತಿ ಉರಿಯಲ್ಲ. ಹೊಗೆ, ಕಾರ್ಬನ್ ಮೊನಾಕ್ಸೈಡ್ ಎಲ್ಲಾ ಅಕ್ಕಪಕ್ಕದವರ ಮೂಗಿಗೆ. ಆಯಿಲ್ ಬಿಸಿಯಾಗೋ ಮೊದಲೇ ರೇಸ್ ಮಾಡಿದರೆ ಬೇರಿಂಗ್ ಸವೆತ ಬೇರೆ. ನಿಲ್ಲಿಸಿದ ಮೇಲೆ ಆಫ್ ಮಾಡಿ, ಕೆಳಗೆ ಒಂದು ತಟ್ಟೆ ಇಡಿ. ಹಳೇ ಸೀಲುಗಳಿಂದ ತೊಟ್ಟಿಕ್ಕೋ ಆಯಿಲ್ ಹುಲ್ಲನ್ನು ಸುಡುತ್ತೆ.

ಮಧ್ಯದಲ್ಲೇ ಹೊರಡಬೇಡಿ. ಜನ, ಮಕ್ಕಳು ಓಡಾಡ್ತಿರೋ ಮೈದಾನದಲ್ಲಿ ಕಾರು ಹಿಂದೆ ಮುಂದೆ ಮಾಡೋದು ಅಪಾಯ.

ಎಲ್ಲಕ್ಕಿಂತ ದೊಡ್ಡದು: ನಿಜ ಹೇಳಿ. ತೀರ್ಪುಗಾರರು ಬಂದಾಗ ದಾಖಲೆಗಳನ್ನು ಹಿಡಿದು ಕಾರಿನ ಹತ್ತಿರವೇ ಇರಬೇಕು. ಎಂಜಿನ್ ಬದಲಾಗಿದೆಯಾ? ಹೊಸ ಪೇಂಟಾ? ಇದ್ದದ್ದನ್ನು ಹೇಳಬೇಕು. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ತನ್ನ ಟ್ಯೂರಿನ್ ಚಾರ್ಟರ್‌ನಲ್ಲಿ ಹೇಳೋದೂ ಇದನ್ನೇ: ಹೊಸದರಂತೆ ಹೊಳೆಸೋದಕ್ಕಿಂತ ಇದ್ದದ್ದನ್ನು ಉಳಿಸಿ, ಮಾಡಿದ ಬದಲಾವಣೆಯನ್ನು ದಾಖಲಿಸಿ. ಲ್ಯಾಬ್ ರೆಕಾರ್ಡ್‌ನಲ್ಲಿ ರೀಡಿಂಗ್ 'ಅಡ್ಜಸ್ಟ್' ಮಾಡಿದರೆ ಗ್ರಾಫ್ ಚೆನ್ನಾಗಿ ಬರುತ್ತೆ, ಪ್ರಯೋಗ ಸುಳ್ಳಾಗುತ್ತೆ. ಇಲ್ಲೂ ಹಾಗೇ. ಕಾರಿನ ಫೈಲಿಗೆ ಒಂದು ಸುಳ್ಳು ಸೇರಿದರೆ ಮುಂದೆ ಕೊಳ್ಳೋರು, ಇತಿಹಾಸ ಬರೆಯೋರು ಎಲ್ಲರೂ ಅದನ್ನೇ ನಂಬ್ತಾರೆ.

ಕೊನೆಯದು, ಬೆಲೆ ನೋಡಿ ಮರ್ಯಾದೆ ಕೊಡಬೇಡಿ. ಇಟಾಲಿಯನ್ ಕಾರ್ ಅಂದ್ರೆ ಫೆರಾರಿ ಮಾತ್ರ ಅಲ್ಲ. 1957ರ ಫಿಯಟ್ 500ರಲ್ಲಿದ್ದದ್ದು 479 ಸಿಸಿಯ ಎರಡು ಸಿಲಿಂಡರ್ ಎಂಜಿನ್, ನಮ್ಮ ಹಾಸ್ಟೆಲ್ ಮುಂದೆ ನಿಲ್ಲೋ ಕೆಲವು ಬೈಕುಗಳಷ್ಟೇ. ಆದರೆ ಇಟಲಿಯ ಸಾಮಾನ್ಯ ಮನೆಗಳಿಗೆ ಕಾರು ತಂದುಕೊಟ್ಟದ್ದು ಅದು. ನಮ್ಮ ಪ್ರೀಮಿಯರ್ ಪದ್ಮಿನಿಯೂ ಫಿಯಟ್ 1100ರ ಮನೆತನದ್ದೇ. ಅಂಥ ಕಾರಿನ ಮಾಲೀಕರು ಬಾನೆಟ್ ತೆಗೆದು ತೋರಿಸಿದರೆ, ನಿಂತು ನೋಡಿ. ಪ್ರಶ್ನೆ ಕೇಳಿ.